ಅಡ್ಡ ಹಿಡಿದರೆ ಅವ್ವ

ಆನವಟ್ಟಿ
ಬುಧವಾರ

ಗಂಗಾಶ್ರೀ,

ಪ್ರೀತಿಯ ಅಂತ ಶುರು ಮಾಡಲು ಕೈ ಬರಲಿಲ್ಲ. ಫೋನಿಗೆ ಕಳಿಸಿದರೆ ಓದದೆ ಅಳಿಸುತ್ತೀಯ, ಅದಕ್ಕೇ ಕಾಗದ.

ಶಿಕಾರಿಪುರದ ಕಾಲೇಜಿನ ದಿನಗಳಿಂದ ನಮ್ಮ ಕೆಲಸ ನಡೆದದ್ದೇ ಹೀಗೆ: ವೆಬ್‌ಸೈಟಿನ ಪುಟ ಹೇಗೆ ಕಾಣಬೇಕೆಂದು ನೀನು ಚಿತ್ರ ಮಾಡುವುದು, ನಾನು ಅದನ್ನು ಕೋಡಿನಲ್ಲಿ ಕಟ್ಟುವುದು. ಟಿವಿಯಷ್ಟು ಪರದೆಗೂ ಹೊಂದಬೇಕು, ಅಂಗೈಯ ಫೋನಿಗೂ ಹೊಂದಬೇಕು. ಶಿರಾಳಕೊಪ್ಪದಲ್ಲಿ ನಿಮ್ಮಣ್ಣ ಸಿದ್ಧಲಿಂಗೇಶನ ಅಂಗಡಿಯ ಪುಟವನ್ನೂ ಹಾಗೇ ಮಾಡಿದೆವು. ನಮ್ಮ ಕೇರಿಯ ಹೆಂಗಸರು ಹೆಣೆದ ಬಿದಿರಿನ ಮೊರ, ಬುಟ್ಟಿ. ಪಕ್ಕದಲ್ಲಿ ಹೆಣೆದವಳ ಮುಖ, ಹೆಸರು, ಫೋನ್ ನಂಬರು. ಬೇಕಾದವರು ನೇರ ಅವಳಿಗೇ ಫೋನ್ ಮಾಡಲಿ ಅಂತ. ಆ ಮಾತಿನ ಮೇಲೇ ಇವರು ಮಾಲು ಕೊಡಲು ಒಪ್ಪಿದ್ದು. ಮಾತು ಕೊಟ್ಟವಳು ನೀನು. ನಮ್ಮ ಜಗಲಿಯ ಮೇಲೆ ಕೂತು, ಮೂಗು ಮುರಿಯದೆ ನಮ್ಮವ್ವ ಮಾಳಮ್ಮ ಕೊಟ್ಟ ಚಾ ಕುಡಿದು.

ಪುಟದ ಉದ್ಘಾಟನೆಯ ದಿನ ಅಂಗಡಿಯ ದೊಡ್ಡ ಟಿವಿಯಲ್ಲಿ ತನ್ನ ಮುಖ ಕಂಡು ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಗೆ ಬಂದು ಫೋನಿನಲ್ಲಿ ನೋಡುತ್ತೇನೆ, ಮೊರ ಇದೆ, ಮುಖ ಇಲ್ಲ. ನಿಮ್ಮಣ್ಣನ ನಂಬರೊಂದೇ.

ಕೋಡು ತೆರೆದು ನೋಡಿದೆ. ನಾನು ಕಟ್ಟಿಕೊಟ್ಟ ಮೇಲೆ ಒಂದು ಸಾಲು ಸೇರಿದೆ: ಪರದೆ ಕಿರಿದಾದರೆ ಹೆಣೆದವರನ್ನು ಮರೆಮಾಡು. ಸೇರಿಸಿದವರ ಹೆಸರು ಅಲ್ಲೇ ಇದೆ. ನಿನ್ನದು. ಅಳಿಸೋಣವೆಂದರೆ, ನನಗೆ ಓದುವಷ್ಟೇ ಅಧಿಕಾರ ಉಳಿಸಿದ್ದೀರಿ.

ಕೇಳಿದ್ದಕ್ಕೆ, ಸಣ್ಣ ಪರದೆಯಲ್ಲಿ ಜಾಗ ಸಾಲಲಿಲ್ಲ ಕಣೇ, ಅಣ್ಣ ಹೇಳಿದ ಅಂದೆ ನೀನು. ಜಾಗ! ಅದೇ ಸಣ್ಣ ಪರದೆಯಲ್ಲಿ ನಿಮ್ಮಣ್ಣ ಕೈಮುಗಿದು ನಿಂತ ಫೋಟೋಗೆ ಎಲ್ಲಿಂದ ಬಂತು ಜಾಗ? ಕೊಳ್ಳುವವರು ನೋಡುವುದು ಫೋನಿನಲ್ಲೇ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಚಪ್ಪಾಳೆಗೆ ನಾವು ಬೇಕು, ವ್ಯಾಪಾರಕ್ಕೆ ಬೇಡ. ಊರಿಗೂ ಕೇರಿಗೂ ನಡುವೆ ಗೋಡೆ ಕಟ್ಟಲು ಹಿಂದಿನವರಿಗೆ ಕಲ್ಲು ಮಣ್ಣು ಬೇಕಾಗಿತ್ತು. ನೀನು ಒಂದೇ ಸಾಲಿನಲ್ಲಿ ಕಟ್ಟಿದೆ, ಅದೂ ನಾನು ಕಟ್ಟಿದ ಪುಟದೊಳಗೆ.

ಮುಂದಿನ ಸಂತೆಯೊಳಗೆ ಆ ಸಾಲು ತೆಗೆ. ಇಲ್ಲದಿದ್ದರೆ ಇಡೀ ಕೇರಿ ಬಂದು ನಿಮ್ಮ ಅಂಗಡಿ ಮುಂದೆ ಕೂರುತ್ತದೆ. ಆಗಲೂ ಜಾಗ ಸಾಲುವುದಿಲ್ಲ, ನೋಡುತ್ತಿರು.

ನಿನ್ನ ಗೆಳತಿಯಾಗಿದ್ದ
ಮೈತ್ರಿ

ತಾ.ಕ.: ನೀನು ಪರದೆಯ ಅಗಲವನ್ನಷ್ಟೇ ನೋಡಿ ಮರೆಮಾಡಿದ್ದೀಯ. ಫೋನು ಅಡ್ಡ ತಿರುಗಿಸಿದರೆ ಅಗಲ ಹೆಚ್ಚಿ ಅವ್ವ ಬರುತ್ತಾಳೆ. ನೆಟ್ಟಗೆ ಹಿಡಿದರೆ ಹೋಗುತ್ತಾಳೆ. ಇದನ್ನು ಅವಳೇ ಕಂಡುಹಿಡಿದು, ಮನೆಗೆ ಬಂದವರಿಗೆಲ್ಲ ಅಡ್ಡ ಹಿಡಿದು ತೋರಿಸುತ್ತಾಳೆ. ತನ್ನ ಫೋನೇ ಕೆಟ್ಟಿದೆ ಅಂದುಕೊಂಡಿದ್ದಾಳೆ. ನಾನಿನ್ನೂ ಹೇಳಿಲ್ಲ. ನಮ್ಮ ಗಂಗಾ ಬರಲಿ, ಸರಿ ಮಾಡಿಕೊಡ್ತಾಳೆ ಅನ್ನುತ್ತಾಳೆ.