ಡೈರೆಕ್ಟ್ ಮಾಡಿದ ಸ್ವಿಚ್ಚಿಗೆ ಚೆಂಡುಹೂವಿನ ಹಾರ

ರೀ,

ನಿಮ್ಮವ್ವನ್ನ ಕರ್ಕೊಂಡು ಯೆರವಡಾದ ದವಾಖಾನಿಗೆ ಹೊಂಟೇನಿ. ಹಸಿ ಕೈಲೆ ಮಿಕ್ಸರ್ ಮುಟ್ಟಿ, ಶಾಕ್ ಹೊಡದು ಬಿದ್ರು. ಈಗ ಎಚ್ಚರ ಅದ, ಮಾತಾಡ್ತಾರ.

ಶಾಕ್ ತಡೀಲಿ ಅಂತನ ಅಡಗಿಮನ್ಯಾಗ ಇಎಲ್‌ಸಿಬಿ ಸ್ವಿಚ್ ಹಾಕಿಸಿದ್ವಿ. ಮಿಕ್ಸರ್ ಹಚ್ಚಿದಾಗೊಮ್ಮೆ ಬಿದ್ದು ಕರೆಂಟ್ ಬಂದ್ ಮಾಡ್ತದ ಅಂತ ನೀವು ಅದನ್ನ ತಪ್ಪಿಸಿ ವೈರ್ ಡೈರೆಕ್ಟ್ ಕೊಟ್ರಿ. ಮಿಕ್ಸರ್ ಕೆಟ್ಟದ ಅಂತ ಅದು ಹೇಳ್ಲಿಕ್ಕತ್ತಿತ್ತು. ನಿಮಗ ಆ ಸ್ವಿಚ್ಚ ಕೆಟ್ಟಂಗ ಕಾಣ್ತು. ಎಂಥಾ ಶಾಣ್ಯಾರ್ರಿ ನೀವು! ಮ್ಯಾಲೆ ಖಂಡೇನವಮಿ ಆಯುಧಪೂಜಾದಾಗ ಅದಕ್ಕ ಕುಂಕುಮ ಹಚ್ಚಿ, ಹಾರ ಹಾಕಿ ಕೈ ಬ್ಯಾರೆ ಮುಗದ್ರಿ.

ವೈರ್‌ಮನ್ ಬರೂತನಕ ಮೇನ್ ಬಂದ್ ಇರಲಿ. ನೀವು ಮತ್ತ ಪಕ್ಕಡ್ ಹಿಡದು ವೈರ್ ತಿರುವಬ್ಯಾಡ್ರಿ. ಡಬ್ಬ್ಯಾಗ ರೊಟ್ಟಿ, ಶೇಂಗಾ ಚಟ್ನಿ ಅದ.

ಆ ಒಣಗಿದ ಹಾರ ತಗದು ಒಗೀರಿ. ಸ್ವಲ್ಪದರಾಗ ತಪ್ಪೇದ, ಇಲ್ಲಂದ್ರ ನಾಳೆ ಹೊಸಾದೊಂದು ತಂದು ನಿಮ್ಮವ್ವನ ಫೋಟೋಕ್ಕ ಹಾಕ್ತಿದ್ರಿ.

ಸುವರ್ಣಾ