ಅಣ್ಣಾರ ಪ್ರತಿಮೆಗೆ ಮುತ್ತೈದೆಯರ ಕುಂಭ

ದಿಗ್ಗೇವಾಡಿ,
೧೮ ನವೆಂಬರ್ ೨೦೨೪

ಸನ್ಮತಿಯ ಅಪ್ಪನವರಿಗೆ,

ಜಯ ಜಿನೇಂದ್ರ. ನಾನೂ ಸೊಸೆಯೂ ನನ್ನ ತವರಿಗೆ ಸುಖವಾಗಿ ಬಂದು ಮುಟ್ಟಿದ್ದೇವೆ. ಫೋನು ಎತ್ತುತ್ತಿಲ್ಲ ಎಂದು ನನ್ನ ತಮ್ಮನ ಮುಂದೆ ದೂರಿದಿರಂತೆ. ಫೋನಿನಲ್ಲಿ ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ನೀವು "ಆತು, ಆತು, ಸಮಿತಿಯವ್ರು ಬಂದಾರ" ಎಂದು ಇಟ್ಟುಬಿಡುತ್ತೀರಿ. ಕಾಗದದ ಮಾತನ್ನು ಹಾಗೆ ತುಂಡರಿಸಲಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀವು ಅಧ್ಯಕ್ಷರಾಗಿರುವ ಪ್ರತಿಮೆ ಸಮಿತಿಯ ಆಮಂತ್ರಣ ಪತ್ರಿಕೆಯನ್ನು ಇಲ್ಲಿಗೂ ತಂದಿದ್ದೇನೆ. ದಿನಾ ಓದಿ ಸಿಟ್ಟು ಆರದಂತೆ ನೋಡಿಕೊಳ್ಳುತ್ತೇನೆ. ಮೇಲೆ ರಾವಸಾಹೇಬ ಅಣ್ಣಾರ ಫೋಟೋ. ಅದರ ಕೆಳಗೆ, ಅಖಿಲ ಭಾರತ ಜೈನ ಸುಧಾರಣಾ ಪರಿಷತ್ತಿನ ರಾಷ್ಟ್ರಾಧ್ಯಕ್ಷರಾಗಿ ಅವರು ಆಡಿದ ಮಾತು: "ಗಂಡ ಸತ್ತವಳನ್ನು ಹಿಂದೆ ನಿಲ್ಲಿಸುವ ಮೆರವಣಿಗೆಯಲ್ಲಿ ನಾನು ಮುಂದೆ ನಡೆಯಲಾರೆ." ಅದಕ್ಕೂ ಕೆಳಗೆ ದಪ್ಪ ಅಕ್ಷರದಲ್ಲಿ: "ಪ್ರತಿಮೆಯ ಅನಾವರಣಕ್ಕೆ ಮುತ್ತೈದೆಯರು ಹಸಿರು ಸೀರೆಯುಟ್ಟು ಕುಂಭದೊಂದಿಗೆ ಬರಬೇಕು." ಇಷ್ಟು ಮಂದಿ ನಮ್ಮ ಪಡಸಾಲೆಯಲ್ಲಿ ಕೂತು ಪ್ರೂಫ್ ನೋಡಿದಿರಿ. ತನ್ನ ಹೆಸರಿನ ಹಿಂದೆ 'ಶ್ರೀಮಾನ್' ಬಿಟ್ಟುಹೋಗಿದೆ ಎಂದು ಕಾರ್ಯದರ್ಶಿ ಜಿನೇಂದ್ರ ಜಗಳವನ್ನೂ ತೆಗೆದ. ಮೇಲಿನ ಸಾಲಿನ ಮುಖಕ್ಕೆ ಕೆಳಗಿನ ಸಾಲು ಉಗುಳುತ್ತಿರುವುದು ಒಬ್ಬರ ಕಣ್ಣಿಗೂ ಬೀಳಲಿಲ್ಲವೇ?

ಅಣ್ಣಾ ನಮ್ಮ ಐನಾಪುರದವರು ಎಂದು ಎದೆ ತಟ್ಟಿಕೊಳ್ಳುತ್ತೀರಿ. ಅವರನ್ನು ನಾನು ಕಣ್ಣಾರೆ ಕಂಡವಳು. ಮದುವೆಯಾಗಿ ಬಂದ ಹೊಸತು, ಬಸದಿಯ ಪಂಚಕಲ್ಯಾಣ ಪೂಜೆಯ ಮೆರವಣಿಗೆ ಹೊರಟಿತ್ತು. ದಿಲ್ಲಿಯ ಅಧಿವೇಶನ ಮುಗಿಸಿ ಬಂದಿದ್ದ ಅಣ್ಣಾ, ಗಂಡನನ್ನು ಕಳೆದುಕೊಂಡ ತಮ್ಮ ತಂಗಿ ಸುಂದರಾಬಾಯಿಯ ತಲೆಯ ಮೇಲೆ ತಾವೇ ಕುಂಭ ಇಟ್ಟರು. ಉಳಿದ ಹೆಂಗಸರೆಲ್ಲ ತಮ್ಮ ತಮ್ಮ ಕುಂಭ ಇಳಿಸಿ ಕಟ್ಟೆಯ ಮೇಲಿಟ್ಟು ನಿಂತರು. ಬಾಜಾದವನೂ ನಿಲ್ಲಿಸಿದ. "ಬಾರಸ್ಲೇ, ನನ್ನ ತಂಗಿ ಹೊಂಟಾಳ" ಎಂದರು ಅಣ್ಣಾ. ಒಬ್ಬಳೇ ಹೆಂಗಸು, ಒಂದೇ ಕುಂಭ, ಊರೆಲ್ಲ ಸುತ್ತಿ ಬಸದಿಗೆ ಬಂತು. ಆಮೇಲೆ ಅವರು ಅಥಣಿಯಲ್ಲಿ ಹುಡುಗಿಯರ ಬೋರ್ಡಿಂಗು ತೆಗೆದರು, ವಿಧವೆಯರ ಮದುವೆಗೆ ಸಾಕ್ಷಿ ನಿಂತರು. ಎಷ್ಟೋ ಮನೆಗಳಲ್ಲಿ ಅವರಿಗೆ ನೀರು ಕೊಡುವುದನ್ನೂ ಬಿಟ್ಟರು. ಆ ಮನೆಗಳವರೇ ಈಗ ನಿಮ್ಮ ಸಮಿತಿಯಲ್ಲಿ ಕೂತಿದ್ದಾರೆ. ಕಂಚಿನ ಅಣ್ಣಾ ಎದುರು ಮಾತಾಡುವುದಿಲ್ಲ ನೋಡಿ.

ಇರಲಿ, ಸಮಿತಿಯ ಮೇಲಿನ ಸಿಟ್ಟು ಬೇರೆ, ನಿಮ್ಮ ಮೇಲಿನದು ಬೇರೆ. ನಮ್ಮ ಸನ್ಮತಿ ತೀರಿಕೊಂಡು ಇದು ಮೂರನೆಯ ವರ್ಷ. ಅವನ ಹೆಂಡತಿ ಭಾಗ್ಯಾ ಅವತ್ತು ಮಾದರಿಗೆಂದು ಕುಂಭಗಳಿಗೆ ಎಲೆ, ತೆಂಗಿನಕಾಯಿ ಇಟ್ಟು ದಾರ ಸುತ್ತುತ್ತ ಕೂತಿದ್ದಳು. ಭಾರ ಎಷ್ಟಿದೆಯೋ ಎಂದು ಒಂದನ್ನು ತಲೆಯ ಮೇಲಿಟ್ಟು ನೋಡಿದಳು. ಜಿನೇಂದ್ರ ಬಂದವನೇ, "ವೈನಿ, ಅದನ್ನ ಇಳಸ್ರಿ. ನೀವು ಒಳಗ ಚಹಾದ ಕಡೆ ನೋಡ್ರಿ" ಎಂದ. ನೀವು ಅಲ್ಲೇ ಕುರ್ಚಿಯಲ್ಲಿದ್ದಿರಿ. ಅವಳು ನಿಮ್ಮ ಮುಖ ನೋಡಿದಳು. ನೀವು ಪೇಪರು ಮಡಚಿದಿರಿ, ಮತ್ತೆ ಬಿಚ್ಚಿದಿರಿ, "ನನಗ ಸಕ್ರಿ ಕಮ್ಮಿ ಹಾಕವಾ" ಎಂದಿರಿ.

ಆಮೇಲೆ ನಾನು ಕೇಳಿದ್ದಕ್ಕೆ, "ಅಣ್ಣಾರ ಕಾಲ ಬ್ಯಾರೆ ಇತ್ತು, ಈಗ ಮಂದಿ ಮಾತಾಡ್ತಾರ" ಎಂದು ನನಗೇ ತಿಳಿಹೇಳಿದಿರಿ. ಅಲ್ರೀ, ಆಗಿನ ಮಂದಿಗೆ ಬಾಯಿ ಇರಲಿಲ್ಲವೇ? ಅಣ್ಣಾ ಆಗ ಮಾಡಿದ್ದನ್ನು ಈಗ ಮಾಡಲು ಅಂಜುವವರು ಅವರ ಪ್ರತಿಮೆಯನ್ನಾದರೂ ಯಾಕೆ ನಿಲ್ಲಿಸಬೇಕು? ಭಾಗ್ಯಾ ಇಲ್ಲಿಗೆ ಬರುವಾಗ ಬಸ್ಸಿನಲ್ಲಿ ಅಂದಳು: "ಅತ್ತಿ, ಜಿನೇಂದ್ರಣ್ಣ ಅಂದದ್ದು ನನ್ನ ಮನಸಿಗೆ ಹತ್ಲಿಲ್ಲ. ಮಾವಾರು ಸಕ್ರಿ ಅಂದ್ರಲ್ಲ, ಅದು ಹತ್ತೇತಿ."

ಆದ್ದರಿಂದ ನಾನು ಕೇಳುವುದು ಒಂದೇ. ನೀವೇ ದಿಗ್ಗೇವಾಡಿಗೆ ಬನ್ನಿ. ಜಿನೇಂದ್ರನನ್ನು ಕಳಿಸಬೇಡಿ, ಬರೀ ಕಾರನ್ನೂ ಕಳಿಸಬೇಡಿ. ನನ್ನ ತಮ್ಮನ ಅಂಗಳದಲ್ಲಿ ಎಲ್ಲರ ಎದುರು, "ಭಾಗ್ಯಾ, ಕುಂಭ ನೀನ ಹೊರಬೇಕವಾ, ಮುಂದ ನಡಿ" ಎಂದು ನಿಮ್ಮ ಬಾಯಿಂದ ಹೇಳಿ. ಅವಳು ಒಲ್ಲೆನೆಂದರೆ ಅದು ಅವಳ ಇಷ್ಟ. ನೀವು ಕರೆಯದಿದ್ದರೆ ಸಮಿತಿಯ ಅಧ್ಯಕ್ಷರ ಮನೆಯ ಮುತ್ತೈದೆಯೂ, ಅಂದರೆ ನಾನೂ, ಅನಾವರಣದ ದಿನ ಬರುವುದಿಲ್ಲ. ಮಂದಿ ಅದನ್ನೂ ಮಾತಾಡಲಿ.

ನಿಮ್ಮ ಗುಳಿಗೆ ಫ್ರಿಜ್ಜಿನ ಮೇಲಿವೆ. ಬಿಳಿಯದು ಊಟವಾದ ಮೇಲೆ. ಹೊರಡುವ ಸಿಟ್ಟಿನಲ್ಲಿ ಹೇಳುವುದು ಮರೆತಿದ್ದೆ.

ಸಿಟ್ಟಿನಲ್ಲಿಯೂ ನಿಮ್ಮವಳೇ,
ಕಮಲಾಬಾಯಿ

ತಾ.ಕ.: ಒಂದು ಸಂಗತಿಯನ್ನು ಮೇಲೆ ಬರೆಯಲಿಲ್ಲ. ಬರೆದಿದ್ದರೆ ನೀವು ಅದೊಂದನ್ನೇ ಓದಿ ಉಳಿದದ್ದನ್ನು ಬಿಡುತ್ತಿದ್ದಿರಿ. ಇಲ್ಲಿಗೆ ಬಂದದ್ದು ಬರೀ ಸಿಟ್ಟಿನಿಂದಲ್ಲ. ನಿಪ್ಪಾಣಿಯ ಒಬ್ಬ ಮೇಷ್ಟರು ಭಾಗ್ಯಾಳನ್ನು ಕೇಳಿದ್ದಾರೆ. ನಿನ್ನೆ ಅವರ ತಾಯಿಯೊಂದಿಗೆ ಬಂದು ಮಾತಾಡಿ ಹೋದರು. ಅವಳು ಒಪ್ಪಿದ್ದಾಳೆ, ನಾನೂ ಒಪ್ಪಿದ್ದೇನೆ. ಬರುವ ಸೋಮವಾರ ಮದುವೆ. ನಿಮ್ಮ ಅನಾವರಣ ಇರುವುದು ಅದಾದ ಮೇಲೆ; ಮದುವೆಯ ಮರುದಿನವೇ ಅವಳು ನಿಮ್ಮ ಸಮಿತಿಯ ಲೆಕ್ಕದಲ್ಲಿ ಮುತ್ತೈದೆ. ಆಗ ಯಾರು ಬೇಕಾದರೂ ಕರೆಯುತ್ತಾರೆ. ನಮ್ಮ ಸನ್ಮತಿಯ ಹೆಂಡತಿಯನ್ನು ಕರೆಯಲು ಮಾತ್ರ ನಿಮಗೆ ಈ ವಾರವೊಂದೇ ಉಳಿದಿದೆ.