ಕನ್ನಡಿಯ ಮೂಲೆಯ ಚಿತ್ರ

ಜೂನ್ ೧೪, ಶುಕ್ರವಾರ

ತಂಗಿ ಕನ್ನಡಿಯ ಮೂಲೆಗೆ ಅಂಟಿಸಿದ್ದ ದೂರದ ಮೆಡಿಕಲ್ ಕಾಲೇಜಿನ ಚಿತ್ರ ಬೆಳಿಗ್ಗೆ ಕಾಣಲಿಲ್ಲ. ಟೇಪಿನ ಗುರುತಷ್ಟೇ ಉಳಿದಿತ್ತು. ಸೀಟು ಇಲ್ಲಿ, ಅಲ್ಲಿ ಎರಡು ಕಡೆಯೂ ಸಿಕ್ಕಿದೆ, ಆದರೆ ಅವಳ ಆಸೆಯೆಲ್ಲ ಆ ದೂರದ್ದರ ಮೇಲೆ.

"ಇಲ್ಲಿನ ಕಾಲೇಜೇ ಸಾಕು ಕಣಕ್ಕಾ," ಅಂದಳು. "ನಾನು ಹೋದ್ರೆ ನಿನ್ನ ಫೋನ್ ಯಾರು ಎತ್ತೋದು? ತರಕಾರಿಯವನ ಹತ್ರ ಚೌಕಾಸಿ ಯಾರು ಮಾಡೋದು? ನಿಂಗೆ ಬಾಯಿ ಇರೋದು ಊಟಕ್ಕೆ ಮಾತ್ರ!"

ನಕ್ಕುಬಿಟ್ಟೆ. ಸಾಹಿತ್ಯದ ಪದವಿ ನನ್ನದು, ಮಾತೆಲ್ಲ ಅವಳದು. ಅಮ್ಮ ಹೋದಮೇಲೆ ಈ ಮನೆಯಲ್ಲಿರುವುದು ಅವಳ ಸದ್ದೊಂದೇ. ಸಂಜೆ ಅವಳು ಅಂಗಡಿಗೆ ಹೋದಾಗ ಸುಮ್ಮನೆ ಕಿವಿಗೊಟ್ಟು ಕೂತೆ. ಫ್ರಿಜ್ಜಿನ ಗುಂಯ್ ಬಿಟ್ಟರೆ ಏನೂ ಇಲ್ಲ. ಹೆದರಿಕೆಯಾಯಿತು.

ಈಗ ನನ್ನ ಮೇಲೆ ಕಾಲು ಹಾಕಿ ಮಲಗಿದ್ದಾಳೆ. ನಾಳೆ ಬೆಳಿಗ್ಗೆ ಆ ದೂರದ ಕಾಲೇಜಿಗೆ ನಾನೇ ಫೋನ್ ಮಾಡಿ ಅವಳಿಗೆ ಹಾಸ್ಟೆಲ್ ರೂಮು ಕೇಳುತ್ತೇನೆ. ಅವಳ ಎದುರಿಗೇ. ಸ್ವಲ್ಪ ಗಟ್ಟಿಯಾಗಿಯೇ.